ಔಟ್‌ಬೋರ್ಡ್ ಮೋಟಾರಿನ ಗಟ್ಟಿ ಗೇರ್: ಕೊನೆಗೂ ಸರಿಹೋದ ಬಗೆ

ದೋಣಿಯ ಹಿಂಬದಿಗೆ ಕೂರಿಸುವ ಮೋಟಾರ್ ಇದು, ಹಳೆಯದು, ಟೂ ಸ್ಟ್ರೋಕ್. ನ್ಯೂಟ್ರಲ್‌ನಿಂದ ಫಾರ್ವರ್ಡ್‌ಗೆ ಹಾಕಲು ಎರಡೂ ಕೈ ಬೇಕಾಗುತ್ತಿತ್ತು. ರಿವರ್ಸ್ ಇನ್ನೂ ಗಟ್ಟಿ.

ಗೇರ್ ಆಯಿಲ್ ಬದಲಿಸಿದೆ, ಲಿವರ್‌ಗೆ ಗ್ರೀಸ್ ಹಚ್ಚಿದೆ, ಐಡಲ್ (ಥ್ರಾಟಲ್ ಕೊಡದಾಗ ಎಂಜಿನ್ ಓಡುವ ವೇಗ) ಇಳಿಸಿದೆ. ಯಾವುದೂ ಉಪಯೋಗಕ್ಕೆ ಬರಲಿಲ್ಲ. ಲಿವರ್‌ನಿಂದ ಎಂಜಿನ್‌ಗೆ ಹೋಗುವ ಶಿಫ್ಟ್ ಕೇಬಲ್‌ನ ತುದಿಗೆ ಎಣ್ಣೆ ಬಿಟ್ಟರೆ ಎರಡು ದಿನ ಹಗುರ, ಆಮೇಲೆ ಮತ್ತೆ ಅದೇ ಕಥೆ.

ದಾರಿ ತೋರಿಸಿದ್ದು ಒಂದು ಸಣ್ಣ ಪರೀಕ್ಷೆ. ಎಂಜಿನ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್ ವೈರ್ ಕಳಚಿ, ಎಂಜಿನ್ ಕಡೆಯ ಶಿಫ್ಟ್ ಕೇಬಲ್ ಬಿಚ್ಚಿದೆ. ಪ್ರೊಪೆಲ್ಲರ್ ತಿರುಗಿಸುತ್ತಾ ಎಂಜಿನ್ ಮೇಲಿನ ಶಿಫ್ಟ್ ಆರ್ಮ್ ಕೈಯಲ್ಲಿ ಜರುಗಿಸಿದರೆ ಸಲೀಸಾಗಿ ಹೋಯಿತು. ಪ್ರೊಪೆಲ್ಲರ್ ತಿರುಗಿಸದಿದ್ದರೆ ಒಳಗಿನ ಹಲ್ಲುಗಳು ಎದುರುಬದುರಾಗಿ ನಿಲ್ಲುತ್ತವೆ, ಗೇರ್‌ಬಾಕ್ಸೇ ಕೆಟ್ಟಿದೆ ಅಂತ ಸುಮ್ನೆ ಹೆದರಬೇಕಾಗುತ್ತದೆ. ಲಿವರ್ ಇರುವ ಕಂಟ್ರೋಲ್ ಬಾಕ್ಸ್ ಕಡೆಯೂ ಕೇಬಲ್ ಬಿಚ್ಚಿದೆ, ಲಿವರ್ ಹಗುರ. ಉಳಿದದ್ದು ಕೇಬಲ್ ಒಂದೇ. ಹೊರಗೆ ಚೆನ್ನಾಗಿಯೇ ಇತ್ತು, ಒಳಗಿನ ತಂತಿಗೆ ತುಕ್ಕು.

ಅದೇ ಉದ್ದದ, ಅದೇ ಮಾದರಿಯ ಹೊಸ ಕೇಬಲ್ ಹಾಕಿದೆ. ಎಲ್ಲೂ ಬಿಗಿಯಾಗಿ ಮಡಚದಂತೆ ದೊಡ್ಡ ತಿರುವಿನಲ್ಲಿ ಎಳೆದೆ.

ಹೊಂದಿಸುವ ಕ್ರಮ ಮುಖ್ಯ. ಮೊದಲು ಲಿವರ್ ನ್ಯೂಟ್ರಲ್‌ಗೆ. ಎಂಜಿನ್ ಕಡೆಯೂ ನ್ಯೂಟ್ರಲ್, ಅಂದರೆ ಪ್ರೊಪೆಲ್ಲರ್ ಎರಡೂ ಕಡೆ ಸರಾಗವಾಗಿ ತಿರುಗಬೇಕು. ಕೇಬಲ್ ತುದಿಯನ್ನು ಮೆಲ್ಲಗೆ ಒತ್ತಿ, ಎಳೆದು, ಆ ಸಡಿಲದ ನಡುಬಿಂದು ಗುರುತಿಸಿ. ತುದಿ ಶಿಫ್ಟ್ ಆರ್ಮ್‌ನ ಪಿನ್ನಿಗೆ ಒತ್ತಡವಿಲ್ಲದೆ ಕೂರುವವರೆಗೆ ಅಡ್ಜಸ್ಟರ್ (ಕೇಬಲ್ ತುದಿಯ ಉದ್ದ ಹೊಂದಿಸುವ ಭಾಗ) ತಿರುಗಿಸಿ. ಎಳೆದು ಕೂರಿಸಬೇಕಾದರೆ ಇನ್ನೂ ಸರಿಯಿಲ್ಲ. ಕೊನೆಗೆ ಪ್ರೊಪೆಲ್ಲರ್ ತಿರುಗಿಸುತ್ತಾ ಫಾರ್ವರ್ಡ್, ರಿವರ್ಸ್ ಎರಡೂ ಪೂರ್ತಿ ಬೀಳುತ್ತವೆಯೇ ನೋಡಿ, ಆಮೇಲಷ್ಟೇ ಲಾಕ್ ಪಿನ್ ಹಾಕಿ. ಈಗ ಒಂದೇ ಕೈ ಸಾಕು.