ಹಸಿ ಕಸಕ್ಕೆ ಗ್ಯಾಸ್ ಟ್ಯಾಂಕ್, ಒಣ ಕಸಕ್ಕೆ ಬಚ್ಚಲ ಒಲೆ

ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಕಸ ಸುಟ್ಟು ಕರೆಂಟ್ ತೆಗೆಯುತ್ತಾರೆ, ಜೊತೆಗೆ ನೀರು ಕಾಯಿಸಿ ಪೈಪಿನಲ್ಲಿ ಮನೆಗಳಿಗೆ ಬಿಸಿ ಕೊಡುತ್ತಾರೆ. ಇಡೀ ಊರಿಗೆ ಒಂದೇ ಬಚ್ಚಲ ಹಂಡೆ ಇದ್ದ ಹಾಗೆ. ನಮ್ಮಲ್ಲೂ ಹಾಗೇ ಮಾಡಬಹುದಲ್ವಾ? ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲೇ ಡೆನ್ಮಾರ್ಕ್ ತಂತ್ರಜ್ಞಾನದ ಘಟಕ ಕಟ್ಟಿದ್ದರು. ಕಸದಲ್ಲಿ ಹಸಿ, ಮಣ್ಣು ಜಾಸ್ತಿ. ಸರಿಯಾಗಿ ಉರಿಯದೆ ಬೇಗನೆ ನಿಂತುಹೋಯಿತು. ಇನ್ನು ತೀರ್ಥಹಳ್ಳಿ ಕಡೆ ಆಷಾಢದ ಮಳೆಯಲ್ಲಿ ನೆಂದ ಕಸ ಹೇಗೆ ಉರಿದೀತು ಹೇಳಿ.

ಹಾಗಾಗಿ ಹಸಿ ಕಸವನ್ನು ಕೊಳೆಸಿಯೇ ಗ್ಯಾಸ್ ತೆಗೆಯಬೇಕು. ಮನೆಗೆ 1 ಘನ ಮೀಟರಿನ ಟ್ಯಾಂಕ್ ಸಾಕು. ಮೊದಲು ಸಗಣಿಗೆ ಅಷ್ಟೇ ನೀರು ಕಲಸಿ ತುಂಬಿ, ಎರಡು ಮೂರು ವಾರ ಸುಮ್ನೆ ಬಿಡಿ. ಮೊದಲು ಬರುವ ಗ್ಯಾಸ್ ಉರಿಯುವುದಿಲ್ಲ, ಅದನ್ನು ಹೊರಗೆ ಬಿಟ್ಟುಬಿಡಿ. ಆಮೇಲೆ ದಿನಕ್ಕೆ ಕಾಲು ಕಿಲೋದಷ್ಟು ಅನ್ನ, ತರಕಾರಿ ಸಿಪ್ಪೆ ರುಬ್ಬಿ ಹಾಕುತ್ತಾ ನಿಧಾನಕ್ಕೆ ಜಾಸ್ತಿ ಮಾಡಿ.

ಇಲ್ಲೇ ಎಲ್ಲರೂ ಆತುರಪಡುವುದು. ಹಲಸಿನ ಕಾಲದಲ್ಲಿ ನಾನೂ ಒಂದೇ ದಿನ ತೊಳೆ ಬಿಡಿಸಿ ಉಳಿದ ರಚ್ಚೆಯನ್ನು ಬುಟ್ಟಿಗಟ್ಟಲೆ ಸುರಿದೆ, ಟ್ಯಾಂಕ್ ಒಳಗೆ ಹುಳಿಯಾಗಿ ಗ್ಯಾಸ್ ನಿಂತೇಹೋಯಿತು. ಹಾಗಾದರೆ ಒಂದು ವಾರ ಏನೂ ಹಾಕಬೇಡಿ, ನಂತರ ಸ್ವಲ್ಪ ಸಗಣಿ ನೀರು ಹಾಕಿ. ನಿಂಬೆ ಸಿಪ್ಪೆ, ಸೋಪಿನ ನೀರು, ಮೂಳೆ ಬೇಡ. ಅಡಿಕೆ ಸಿಪ್ಪೆಯಂತೂ ಕೊಳೆಯುವುದೇ ಇಲ್ಲ ಅನ್ನಬಹುದು, ಅದು ಬಚ್ಚಲ ಒಲೆಗೇ ಸರಿ.

ನಮ್ಮ ಕಡೆ ದೊಡ್ಡ ತೊಂದರೆ ಚಳಿ. ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳಿಗೆ 35 ಡಿಗ್ರಿ ಹಿತ, 15ಕ್ಕಿಂತ ಇಳಿದರೆ ಕೆಲಸ ತೀರಾ ನಿಧಾನ. ಟ್ಯಾಂಕನ್ನು ಬಿಸಿಲು ಬೀಳುವ ಕಡೆ ಇಡಿ, ಮಳೆಗಾಲದಲ್ಲಿ ಹಂಡೆಯ ಉಗುರುಬೆಚ್ಚಗಿನ ನೀರಲ್ಲಿ ಕಲಸಿ ಹಾಕಿ.

ಪ್ಲಾಸ್ಟಿಕ್ ಮಾತ್ರ ಒಲೆಗೆ ಹಾಕಲೇಬೇಡಿ. ಯುರೋಪಿನ ಘಟಕಗಳು 850 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಸುಟ್ಟು ಹೊಗೆ ಶೋಧಿಸುತ್ತವೆ, ನಮ್ಮ ಬಚ್ಚಲಲ್ಲಿ ಆ ಹೊಗೆ ಮಕ್ಕಳ ಮೂಗಿಗೇ ಹೋಗುತ್ತದೆ. ಅಲ್ಲಿಯೂ ನವೀಕರಿಸಬಹುದಾದ ಇಂಧನದ ಲೆಕ್ಕಕ್ಕೆ ಬರುವುದು ಊಟದ ಕಸ, ಕಾಗದ, ಮರದಂಥವು ಮಾತ್ರ. ಪ್ಲಾಸ್ಟಿಕ್ ಪೆಟ್ರೋಲಿಯಂನಿಂದ ಬಂದದ್ದು, ಅದನ್ನು ಸೇರಿಸುವುದಿಲ್ಲ.

1 ಘನ ಮೀಟರ್ ಗ್ಯಾಸ್ ಸುಮಾರು 400 ಗ್ರಾಂ ಎಲ್‌ಪಿಜಿಗೆ ಸಮ. ಟ್ಯಾಂಕಿನಿಂದ ಹೊರಬರುವ ಸ್ಲರಿಗೆ, ಅಂದರೆ ಕೊಳೆತ ಗಂಜಿಯಂಥ ಗೊಬ್ಬರಕ್ಕೆ, ನೀರು ಬೆರೆಸಿ ಅಡಿಕೆ ಬುಡಕ್ಕೆ ಹಾಕಿ.