ಮನ್ಯಾಗ ಒಂದು ಖಿಲಾರಿ ಆಕಳ ಕಟ್ಟಬೇಕಂದ್ರ ಏನೇನ ಮಾಡಬೇಕು?

ಕಾರಹುಣ್ಣಿಮಿಗೆ ಎತ್ತಿಗೆ ಹುರಮಂಜ (ಕೆಂಪ ಬಣ್ಣ) ಬಡದು, ಕೋಡಿಗೆ ಕೋಡಬಳಿ ಕಟ್ಟಿ, ಊರ ಅಗಸ್ಯಾಗ ಎತ್ತ ಓಡಿಸಿ ಕರಿ ಹರಿಸಿ, ಕೆಂದೆತ್ತು ಮುಂದ ಬಂದ್ರ ಮುಂಗಾರಿ ಚಲೋ, ಬಿಳೆತ್ತು ಬಂದ್ರ ಹಿಂಗಾರಿ ಚಲೋ ಅಂತ ಕಟ್ಟಿ ಮ್ಯಾಲ ಕುಂತು ಮಾತಾಡೋ ಮಂದಿ ನಮ್ಮ ಕಡೆ ಈಗೂ ಕಡಿಮಿ ಆಗಿಲ್ಲ. ಆದ್ರ ಅದೇ ಊರಾಗ ಜವಾರಿ ಆಕಳ ಎಷ್ಟ ಮನ್ಯಾಗ ಅದಾವ ಅಂತ ಕೇಳಿ ನೋಡ್ರಿ, ಬೆರಳಾಗ ಎಣಿಸಿ ಹೇಳ್ತಾರ. 2019ರ ಜಾನುವಾರು ಗಣತಿ ಪ್ರಕಾರ ದೇಶದಾಗ ದನ 19 ಕೋಟಿ ಮ್ಯಾಲ ಅದಾವ, ಅದರಾಗ ದೇಸಿ 14 ಕೋಟಿ ಚಿಲ್ಲರ, ಅಂದ್ರ 2012ರ ಗಣತಿಗಿಂತ ಶೇ 6ರಷ್ಟು ಕಡಿಮಿ. ಅದೇ ವ್ಯಾಳ್ಯಾದಾಗ ಜರ್ಸಿ, ಎಚ್‌ಎಫ್ (ಹೋಲ್‌ಸ್ಟೀನ್) ನಂಥಾ ವಿದೇಶಿ, ಮಿಶ್ರತಳಿ ದನದ ಸಂಖ್ಯಾ ಶೇ 26ಕ್ಕಿಂತ ಹೆಚ್ಚಿಗೆ ಏರಿತು.

ನನಗ ಅನಿಸೋದು ಇಷ್ಟ: ಎತ್ತಿಗೆ ಪೂಜಿ ಆಗತೈತಿ, ಆ ಎತ್ತಿನ ಹಡದ ಆಕಳಿನ ಲೆಕ್ಕ ಯಾರೂ ಇಡಂಗಿಲ್ಲ. ತಳಿ ಉಳಿಬೇಕಂದ್ರ ಆಕಳ ಕಟ್ಟಬೇಕು, ಅದು ಯಾವ ಹೋರಿಯಿಂದ ಗಬ್ಬ ಆತು ಅಂತ ಬರದಿಡಬೇಕು. ಹೆಂಗ ಅಂತ ಒಂದೊಂದ ನೋಡೂಣು.

ಮೊದಲ ಯಾವ ತಳಿ ಅಂತ ತೀರ್ಮಾನ ಮಾಡ್ರಿ

ವಿಜಯಪುರ, ಬಾಗಲಕೋಟಿ, ಬೆಳಗಾವಿ ಈ ನಮ್ಮ ಮೂರೂ ಜಿಲ್ಲಾಕ ಹೊಂದಿದ್ದು ಎರಡು ತಳಿ. ಒಂದು ಖಿಲಾರಿ, ಬೂದ ಬಿಳಿ ಮೈ, ಬಿಗಿ ಚರ್ಮ, ಹಿಂದಕ್ಕ ಬಾಗಿ ಮ್ಯಾಲೆದ್ದ ಉದ್ದ ಕೋಡು, ಚುರುಕ ಸ್ವಭಾವ. ಇನ್ನೊಂದು ಕೃಷ್ಣಾ ವ್ಯಾಲಿ, ಕೃಷ್ಣಾ ಘಟಪ್ರಭಾ ಮಲಪ್ರಭಾ ದಂಡಿ ಎರಿ ಹೊಲದಾಗ ಭಾರಿ ನೇಗಿಲ ಎಳೀಲಿಕ್ಕಂತನ ಬೆಳೆಸಿದ್ದು. ಹತ್ತೊಂಬತ್ತನೇ ಶತಮಾನದ ಕೊನೀಗೆ ಸಾಂಗ್ಲಿ ಕಡಿ ಸಂಸ್ಥಾನದವ್ರು ಗಿರ್, ಓಂಗೋಲ್, ಕಾಂಕ್ರೇಜ್ ರಕ್ತ ನಮ್ಮ ದನಕ್ಕ ಕೂಡಿಸಿ ಮಾಡಿದ ತಳಿ ಅದು. ಎರಿ ಹೊಲಕ್ಕ ಟ್ರ್ಯಾಕ್ಟರ್ ಬಂದ ಮ್ಯಾಲ ಅದರ ಕೆಲಸಾನ ಹೋತು, ಕೆಲಸದ ಜೋಡಿ ದನಾನೂ ಹೋತು, ಈಗ ಶುದ್ಧ ಕೃಷ್ಣಾ ವ್ಯಾಲಿ ಸಿಗೂದು ಬಾಳ ಅಪರೂಪ. ನಿಮ್ಮ ಊರಾಗ ಯಾರ ಹತ್ರರ ಇದ್ರ ಮೊದಲ ಅದನ್ನ ಹಿಡೀರಿ. ಇಲ್ಲಾಂದ್ರ ಖಿಲಾರಿ ಸುಲಭ.

ಗಿರ್, ಸಾಹಿವಾಲ್ ತಂದು ಕಟ್ಟೋರು ಈಗ ಬಾಳ ಮಂದಿ ಆಗ್ಯಾರ. ತಪ್ಪಂತ ಅನ್ನಂಗಿಲ್ಲ, ಅವೂ ದೇಸಿನ. ಆದ್ರ ಗುಜರಾತಿನ ಆಕಳ ಗುಜರಾತಿನವ್ರು ಉಳಿಸ್ತಾರ, ನಮ್ಮದನ್ನ ನಾವ ಬಿಟ್ರ ಯಾರ ಉಳಿಸಬೇಕ್ರಿ?

ಒಂದ ಮಾತು ಮೊದಲ ತಿಳ್ಕೊಂಡಿರ್ರಿ, ಖಿಲಾರಿ ಹಾಲಿನ ದನ ಅಲ್ಲ. ಒಂದು ಸೂಲಿಗೆ ಸರಾಸರಿ 400 ಲೀಟರ್ ಒಳಗ, ದಿನಕ್ಕ ಕರ ಕುಡದು ಉಳಿದದ್ದು ಎರಡು ಲೀಟರ್ ಸಿಕ್ರ ಚಲೋ ಅನ್ನಬೇಕು. ಡೇರಿ ಲೆಕ್ಕ ಹಾಕ್ಕೊಂಡು ತಂದವ್ರು ಆರು ತಿಂಗಳಿಗೆ ಮಾರ್ತಾರ.

ಸಂತ್ಯಾಗ ನೋಡೂದು ಹೆಂಗ

ಸಂಕ್ರಮಣದಾಗ ವಿಜಯಪುರದ ಸಿದ್ಧೇಶ್ವರ ಜಾತ್ರಿಗೆ ದನದ ಜಾತ್ರಿ ಕೂಡತೈತಿ, ಮತ್ತ ವಾರದ ಸಂತಿಗೋಳು ಅದಾವ. ದಲ್ಲಾಳಿಗೋಳು ಟವೆಲ್ ಒಳಗ ಕೈ ಇಟ್ಟು ಬೆರಳು ಒತ್ತಿ ರೇಟ್ ಮಾತಾಡ್ತಾರಲ್ಲ, ಆ ಭಾಷಾ ಬರ್ಲಿಲ್ಲಂದ್ರ ಊರಾಗಿನ ಒಬ್ಬ ಹಿರ್ಯಾನ್ನ ಕರಕೊಂಡು ಹೋಗ್ರಿ. ರೇಟಿಗಿಂತ ಮೊದಲ ಹಲ್ಲ ನೋಡ್ರಿ. ಕೆಳಗಿನ ದವಡ್ಯಾಗ ಎರಡು ಅಗಲ ಹಲ್ಲು ಮೂಡಿದ್ರ ಎರಡೂವರಿ ವರ್ಷದ ಸುತ್ತಮುತ್ತ, ನಾಕ್ಹಲ್ಲು ಮೂರು ದಾಟಿದ್ದು, ಎಂಟೂ ಮೂಡಿ ಬಾಯಿ ಕೂಡಿದ್ರ ಐದು ಹತ್ರ. ನಂತರ ನಾಲ್ಕೂ ಮೊಲಿ ಹಿಂಡಿ ನೋಡ್ರಿ, ಕೆಚ್ಚಲ ಗಟ್ಟಿ ಗಂಟ ಇರಬಾರದು. ನಡಿಸಿ ನೋಡ್ರಿ. ಕಣ್ಣಾಗ ನೀರ, ಮೂಗಿನ್ಯಾಗ ಸಿಂಬಳ ಇದ್ರ ಬಿಟ್ಟ ಬಿಡ್ರಿ.

ಸುಳಿ ನೋಡೂದು ನಮ್ಮಾಗ ಐತಿ, ಯಾವ ಸುಳಿ ಮನಿಗೆ ಆಗಿಬರತೈತಿ ಯಾವುದು ಇಲ್ಲ ಅಂತ. ಹಿರ್ಯಾರ ನಂಬಿಕಿ, ಅವ್ರ ಮನಸ್ಸಿಗೆ ಸಮಾಧಾನ ಇರಲಿ ಅಂತ ನೋಡ್ರಿ, ಆದ್ರ ಬರೇ ಸುಳಿ ಸಲುವಾಗಿ ಒಳ್ಳೆ ತಾಯಿ ಆಕಳ ಬಿಟ್ಟು ಬರೂದು ನನಗ ಸರಿ ಕಾಣಂಗಿಲ್ಲ. ಖರೀದಿ ಪಾವತಿ, ಕಿವ್ಯಾಗಿನ 12 ಅಂಕಿ ಓಲೆ ನಂಬರ್, ಪಶುವೈದ್ಯರ ಸರ್ಟಿಫಿಕೇಟ್ ಮೂರೂ ಇಟ್ಕೊಂಡ ಗಾಡಿಗೆ ಹತ್ತಿಸ್ರಿ. 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮ್ಯಾಲ ದಾರ್ಯಾಗ ಕಾಗದ ಕೇಳ್ತಾರ, ಸಾಕಲಿಕ್ಕ ಒಯ್ಯೋರೂ ತೋರಿಸಬೇಕು.

ಮೇವು, ಇಲ್ಲೇ ಬಾಳ ಮಂದಿ ಎಡವೂದು

ಜವಾರಿ ದನಕ್ಕ ನಮ್ಮ ಬಿಳಿಜೋಳದ ಕಣಕಿಗಿಂತ ಚಲೋ ಮೇವು ಇಲ್ಲ. ಮಾಲದಂಡಿ ಜೋಳ ಬಿತ್ತೋ ಹೊಲದಾಗ ಕಾಳಿನ ಜೋಡಿ ಬಣವಿನೂ ಬರತೈತಿ. ಕಣಕಿ ಹಂಗ ಉದ್ದಕ ಹಾಕಿದ್ರ ಅರ್ಧ ತುಳದು ಹಾಳ ಮಾಡ್ತಾವ, ಕತ್ತರಿಸಿ ಗ್ವಾದ್ಲಿಗೆ ಹಾಕ್ರಿ. ಜೋಡಿಗೆ ಶೇಂಗಾ ಹೊಟ್ಟು, ತೊಗರಿ ಹೊಟ್ಟು, ಒಂದಿಷ್ಟು ಶೇಂಗಾ ಹಿಂಡಿ ಇಲ್ಲಾ ಹತ್ತಿಕಾಳು. ಕರ ಹಾಕಿದ ಆಕಳಿಗೆ ಹಿಂಡಿ ತುಸು ಹೆಚ್ಚಿಗಿ. ಖನಿಜ ಮಿಶ್ರಣ ದಿನಾ ಒಂದ ಮುಷ್ಟಿ.

ಈಗ ಎರಡು ಎಚ್ಚರಿಕಿ. ಮಳಿ ಕೈಕೊಟ್ಟ ವರ್ಷ ಬಾಡಿದ ಎಳೀ ಜೋಳ, ಇಲ್ಲಾ ಕೊಯ್ದ ಕೂಳಿ ಮತ್ತ ಚಿಗತದ್ದು, ಅದನ್ನ ದನ ಮೇಯಾಕ ಬಿಡಲೇಬ್ಯಾಡ್ರಿ. ಅದರಾಗ ಸಯನೈಡ್ ವಿಷ ಇರತೈತಿ. ಬಾಯಾಗ ನೊರಿ, ಉಸಿರ ಎಳಿಯೂದು, ತೂರಾಡಿ ಬೀಳೂದು, ಎಲ್ಲಾ ತಾಸಿನ ಒಳಗ ಮುಗೀತೈತಿ. ಡಾಕ್ಟರ್ ಕಡೆ ಅದಕ್ಕ ಇಂಜೆಕ್ಷನ್ ಐತಿ, ಆದ್ರ ಮುಟ್ಟೂದರಾಗ ಬದುಕಿರಬೇಕಲ್ಲ. ತೆನಿ ಬಂದ ಮ್ಯಾಲ ಕೊಯ್ದು ಒಣಗಿಸಿ ಹಾಕಿದ್ರ ಅಂಜಿಕಿ ಇಲ್ಲ. ಎರಡನೇದು, ಅಥಣಿ, ರಾಯಬಾಗ, ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿಯೋ ಸೀಜನ್ನಿನ್ಯಾಗ ವಾಡೆ (ಕಬ್ಬಿನ ತುದಿ ಸೋಗಿ) ಪುಕ್ಕಟ ಸಿಗತೈತಿ ಅಂತ ಮೂರ್ನಾಲ್ಕ ತಿಂಗಳು ಬರೇ ವಾಡೇನ ಹಾಕ್ತಾರ. ಅದರಾಗಿನ ಆಕ್ಸಲೇಟ್ ಮೈಯಾಗಿನ ಕ್ಯಾಲ್ಸಿಯಂ ಹಿಡಕೊಂಡ ಬಿಡತೈತಿ, ಗಬ್ಬದ ಆಕಳ ಸೊರಗತೈತಿ. ಅರ್ಧ ವಾಡೆ ಅರ್ಧ ಕಣಕಿ ಮಾಡ್ರಿ, ಖನಿಜ ಮಿಶ್ರಣ ತಪ್ಪಿಸಬ್ಯಾಡ್ರಿ.

ಬ್ಯಾಸಗಿಗೆ ಮೇವಿನ ಕೊರತಿ ಬಿದ್ರ ಕಣಕಿಗೆ ಯೂರಿಯಾ ಉಪಚಾರ ಮಾಡಬಹುದು: 100 ಕೆಜಿ ಕತ್ತರಿಸಿದ ಒಣಮೇವಿಗೆ 4 ಕೆಜಿ ಯೂರಿಯಾ 50 ಲೀಟರ್ ನೀರಾಗ ಪೂರ್ತಿ ಕರಗಿಸಿ ಪದರ ಪದರ ಚಿಮುಕಿಸಿ, ತಾಡಪಾಲ ಗಾಳಿ ಆಡದಂಗ ಮುಚ್ಚಿ 21 ದಿನ ಇಡ್ರಿ. ತಗದ ಮ್ಯಾಲ ವಾಸನಿ ಹೋಗೂತನಕ ಗಾಳಿಗೆ ಹರವಿ ಹಾಕ್ರಿ. ಆರು ತಿಂಗಳ ಒಳಗಿನ ಕರಕ್ಕ ಬ್ಯಾಡ. ಮೊದಲ ಸಲ ಮಾಡೋರು ಪಶುವೈದ್ಯರನ್ನ ಮುಂದ ನಿಲ್ಲಿಸಿಕೊಂಡ ಮಾಡ್ರಿ.

ಬೆದಿ, ಗಬ್ಬ, ಮತ್ತ ಒಂದು ಡೈರಿ

ಇದ ಮುಖ್ಯ. ಹಿಂದಕ ಊರಾಗ ದೇವರ ಹೆಸರಲೇ ಗೂಳಿ ಬಿಡ್ತಿದ್ರು, ಬಸವಣ್ಣ ಅಂತ ಕೈಮುಗೀತಿದ್ರು, ಯಾರ ಹೊಲಕ್ಕ ಹೊಕ್ರೂ ಬಡೀತಿರಲಿಲ್ಲ. ನಂದಿ ಶಿವನ ವಾಹನ, ಬಸವನ ಬಾಗೇವಾಡ್ಯಾಗ ಹುಟ್ಟಿದ ಬಸವಣ್ಣನೂ ನಂದಿ ಅವತಾರ ಅನ್ನೂ ಭಕ್ತಿ, ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಮುಂದಿನ ಕರಿಕಲ್ಲಿನ ನಂದಿಗೆ ಇವತ್ತಿಗೂ ಬಟ್ಟಿ ಹೊದಿಸಿ ಪೂಜಿ. ಈ ಭಕ್ತಿ ಒಳಗ ದೊಡ್ಡ ಲೆಕ್ಕ ಇತ್ತು ನೋಡ್ರಿ: ಊರಿನ ಚಂದಾನ ಹೋರಿಗರ ಆರಿಸಿ ಬಿಡ್ತಿದ್ರು, ಬಡವನ ಆಕಳಿಗೂ ಒಳ್ಳೆ ಬೀಜ ಪುಕ್ಕಟ ಸಿಗ್ತಿತ್ತು. ಈಗ ಗೂಳಿ ಬಿಡೂದು ನಿಂತೈತಿ, ಆಕಳ ಬೆದಿಗೆ ಬಂದ್ರ ಫೋನ್ ಮಾಡ್ತೀವಿ, ಬಂದವ್ರು ಯಾವ ಕಡ್ಡಿ (ಹೋರಿ ವೀರ್ಯ ತುಂಬಿದ ನಳಿಗಿ) ಹಾಕಿದ್ರು ಅಂತ ಕೇಳಂಗಿಲ್ಲ. ಕೇಳ್ರಿ! ಕಡ್ಡಿ ಮ್ಯಾಲ ತಳಿ ಹೆಸರು, ಹೋರಿ ನಂಬರ್ ಪ್ರಿಂಟ್ ಇರತೈತಿ. ಖಿಲಾರಿ ಬೇಕು ಅಂತ ಮುಂಚೇನ ದವಾಖಾನಿಗೆ ಹೇಳಿಟ್ರ ತರಿಸಿ ಇಡ್ತಾರ, ಬೆದಿ ಬಂದ ದಿನ ಹೇಳಿದ್ರ ಇದ್ದದ್ದನ್ನ ಹಾಕಿ ಹೋಗ್ತಾರ.

ಬೆದಿ 21 ದಿನಕ್ಕೊಮ್ಮಿ ಬರತೈತಿ. ಜವಾರಿ ಆಕಳ ಎಚ್‌ಎಫ್ ಹಂಗ ಒದರಂಗಿಲ್ಲ, ಲೋಳಿ ಸುರಿಯೂದು, ಮೇವ ಬಿಡೂದು, ಬಾಲ ಎತ್ತೂದು ಇಷ್ಟ ಕಾಣತೈತಿ, ಹಿಂಗಾಗಿ ಮುಂಜಾನಿ ಸಂಜಿ ಎರಡೂ ಹೊತ್ತು ಕಣ್ಣಿಡಬೇಕು. ಮುಂಜಾನಿ ಕಂಡ್ರ ಸಂಜಿಗೆ, ಸಂಜಿಗೆ ಕಂಡ್ರ ಮರದಿನ ಮುಂಜಾನಿ ಕೊಡಿಸ್ರಿ. ತಾರೀಖು, ಹೋರಿ ನಂಬರ್ ಡೈರ್ಯಾಗ ಬರೀರಿ. ಅಲ್ಲಿಂದ ಸುಮಾರು 280 ದಿನಕ್ಕ ಈಯತೈತಿ. ನಿಮ್ಮದು ತಳಿ ಗೊತ್ತಿಲ್ಲದ ನಾಟಿ ಆಕಳ ಇದ್ರೂ ಚಿಂತಿಲ್ಲ, ಪ್ರತಿ ಸಲ ಖಿಲಾರಿನ ಕೊಡಿಸಿದ್ರ ಮೊದಲ ಪೀಳಿಗ್ಯಾಗ ಅರ್ಧ, ಎರಡನೇದಕ್ಕ ಮುಕ್ಕಾಲು, ಮೂರನೇದಕ್ಕ ಶೇ 87 ಖಿಲಾರಿ ರಕ್ತ ಆಗತೈತಿ. ಊರಾಗ ಹೋರಿ ಇದ್ರ ಅದರ ಮಗಳಿಗೆ ಅದನ್ನ ಬಿಡಬ್ಯಾಡ್ರಿ, ಮೂರು ವರ್ಷಕ್ಕೊಮ್ಮಿ ಹೋರಿ ಬದಲಿ ಆಗಬೇಕು.

ಕರ ಮತ್ತ ರೋಗ

ಕರ ಹುಟ್ಟಿದ ಎರಡು ತಾಸಿನೊಳಗ ಗಿಣ್ಣದ ಹಾಲು ಕುಡಿಸ್ರಿ. ಸತ್ತಿ (ಮಾಸು) ಬೀಳೂತನಕ ಕುಡಿಸಬಾರದು ಅನ್ನೂ ಪದ್ಧತಿ ಕೆಲವು ಮನ್ಯಾಗ ಐತಿ, ಅದು ಕರವಿನ ಜೀವಕ್ಕ ಕುತ್ತು, ಬಿಡ್ರಿ. ದಿನದ ಒಟ್ಟು ಹಾಲು ಕರವಿನ ತೂಕದ ಹತ್ತನೇ ಒಂದು ಪಾಲು. ಜಂತಿನ ಔಷಧ ಡಾಕ್ಟರ್ ಕೇಳಿ ಕೊಡ್ರಿ. ಕಾಲುಬಾಯಿ ರೋಗದ ಲಸಿಕಿ ಆರು ತಿಂಗಳಿಗೊಮ್ಮಿ, ಗಂಟಲುಬ್ಯಾನಿ, ಚಪ್ಪೆ ರೋಗದ್ದು ಮಳಿಗಾಲ ಹಿಡಿಯೂ ಮೊದಲ, ಚರ್ಮಗಂಟು ರೋಗದ್ದು ವರ್ಷಕ್ಕೊಮ್ಮಿ. 2022ರಾಗ ಚರ್ಮಗಂಟು ಬಂದು ಊರೂರಾಗ ದನ ಸತ್ತದ್ದು ನೆನಪ ಐತಲ್ಲ? ಅರ್ಜೆಂಟ್ ಇದ್ರ 1962ಕ್ಕ ಫೋನ್ ಹಚ್ಚಿದ್ರ ಪಶು ಆಂಬುಲೆನ್ಸ್ ಬರತೈತಿ.

ಹೊನ್ನುಗ್ಗಿ ದಿನ (ಕಾರಹುಣ್ಣಿಮಿ ಹಿಂದಿನ ದಿನ) ಗೊಟ್ಟದಲೇ (ಔಷಧ ಕುಡಿಸೋ ಬಿದಿರಿನ ನಳಿಗಿ) ಎಣ್ಣಿ, ಅರಿಷಿಣ, ತತ್ತಿ ಹಾಕೋರು ಒಂದಿಷ್ಟು ಲಕ್ಷ್ಯ ಇಡ್ರಿ. ತಲಿ ಮ್ಯಾಲಕ್ಕೆತ್ತಿ ನಾಲಿಗಿ ಹಿಡದು ಒಮ್ಮೆಲೆ ಸುರಿದ್ರ ಎಣ್ಣಿ ಪುಪ್ಪುಸಕ್ಕ ಇಳದು ನ್ಯುಮೋನಿಯಾ ಆಗತೈತಿ. ಮೂತಿ ಸ್ವಲ್ಪಷ್ಟ ಎತ್ತಿ, ನಾಲಿಗಿ ಬಿಟ್ಟು, ಗುಟುಕ ಗುಟುಕ ಹಾಕ್ರಿ, ಕೆಮ್ಮಿದ್ರ ತಲಿ ಬಿಟ್ಟ ಬಿಡ್ರಿ. ಕೋಡಿಗೆ ಆಯಿಲ್ ಪೇಂಟ್ ಬ್ಯಾಡ, ಹುರಮಂಜ ಸಾಕು.

ಖರ್ಚ ಹೊರಡಿಸೂದು, ಹೋರಿಗರ ಏನ ಮಾಡೂದು

ಹಾಲಿನಿಂದ ಖರ್ಚ ಹೊರಡಂಗಿಲ್ಲ ಅಂದೆ, ಹೆಂಡಿಯಿಂದ ಹೊರಡತೈತಿ. ಎಕರೆಕ್ಕ 200 ಲೀಟರ್ ನೀರು, 10 ಕೆಜಿ ಹೆಂಡಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಕಡ್ಲಿಹಿಟ್ಟು, ಬದುವಿನ ಮಣ್ಣ ಒಂದ ಮುಷ್ಟಿ ಕಲಿಸಿ ನೆರಳಾಗ ಎರಡು ದಿನ ಇಟ್ಟು ದಿನಾ ತಿರುವಿದ್ರ ಜೀವಾಮೃತ, ಗೊಬ್ಬರದ ಅಂಗಡಿ ಬಿಲ್ ಎಷ್ಟ ಇಳೀತು ಅಂತ ನೀವ ಲೆಕ್ಕ ಹಾಕ್ರಿ. ತುಪ್ಪ ಉಳಿದ್ರ ಮಾರ್ರಿ, ಆದ್ರ ಎ2 (ದೇಸಿ ಆಕಳ ಹಾಲಿನ್ಯಾಗಿನ ಪ್ರೋಟೀನಿನ ಹೆಸರು) ಅಂತ ಹೇಳಿ ಶುಗರ್ ಹೋಗತೈತಿ ಕ್ಯಾನ್ಸರ್ ಹೋಗತೈತಿ ಅಂತ ಮಾರಬ್ಯಾಡ್ರಿ, ನಮ್ಮ ಆಕಳಿಗೆ ಅಂಥಾ ಸುಳ್ಳಿನ ಆಸರಾ ಬೇಕಾಗಿಲ್ಲ.

ಹೋರಿಗರಕ್ಕ ಶರ್ತಿನ (ಗಾಡಿ ಓಟದ) ಮಂದಿ ಲಕ್ಷಗಟ್ಟಲೆ ಕೊಡ್ತಾರ. 2023ರ ಮೇದಾಗ ಸುಪ್ರೀಂ ಕೋರ್ಟ್ ಪ್ರಾಣಿ ಹಿಂಸಾ ತಡೆ ಕಾಯ್ದೆಕ್ಕ ಕರ್ನಾಟಕ ಮಾಡಿದ ತಿದ್ದುಪಡಿ ಎತ್ತಿ ಹಿಡದ ಮ್ಯಾಲ ಗಾಡಿ ಶರ್ತಿಗೆ ಕಾನೂನಿನ ಬಲಾನೂ ಬಂತು. ಖಿಲಾರಿ ಇಷ್ಟರ ಉಳದದ್ದು ಶರ್ತಿನಿಂದ ಅನ್ನೂದು ಖರೆ. ಆದ್ರ ಎಲ್ಲಾ ಕರಾನೂ ಓಡಂಗಿಲ್ಲ, ಓಡದವನ್ನ ಎರಡು ವರ್ಷಕ್ಕ ನೊಗಕ್ಕ ಹೊಂದಿಸಿ ಎಡಿ ಹೊಡ್ಯಾಕ, ಬಿತ್ತಾಕ ಕಲಿಸ್ರಿ, ಸಣ್ಣ ಹೊಲ ಇದ್ದವ್ರು ಕೊಳ್ತಾರ. ಗುಡಿಗೆ ಬಿಟ್ಟು ಕೈ ತೊಳಕೋಬ್ಯಾಡ್ರಿ. ಹಂಗ ಬಿಟ್ಟ ದನ ಗೋಶಾಲಾದಾಗ ಹಸಗೊಂಡ ನಿಂತಿರತಾವ, ಬಿಡಲೇಬೇಕಂದ್ರ ವರ್ಷದ ಮೇವಿನ ರೊಕ್ಕಾನೂ ಜೋಡಿ ಕೊಟ್ಟ ಬರ್ರಿ. ಸರ್ಕಾರ 2022ರಾಗ ಪುಣ್ಯಕೋಟಿ ದತ್ತು ಯೋಜನಿ ತಂದಾಗ ಒಂದು ದನಕ್ಕ ವರ್ಷಕ್ಕ 11,000 ರೂಪಾಯಿ ಅಂತ ಇಟ್ಟಿತ್ತು, ಅದ ಒಂದ ಅಂದಾಜು.

ಕಡೀಕ ಒಂದ ಕೆಲಸ. ಊರಾಗ, ಬಾಜೂ ಊರಾಗ ಜವಾರಿ ಆಕಳ ಕಟ್ಟಿದವ್ರು ನಾಲ್ಕೈದು ಮಂದಿ ಇದ್ರ ವಾಟ್ಸಾಪ್ ಗ್ರೂಪ್ ಮಾಡ್ಕೊಂಡು ಯಾರ ಆಕಳ ಯಾವ ಹೋರಿಗೆ ಕೊಡಿಸಿದ್ದು, ಕರ ಯಾವುದು, ಮಾರೂದು ಐತೇನು ಅಂತ ಹಾಕ್ರಿ, ಹೋರಿ ಅದಲಿಬದಲಿ ಅಲ್ಲೇ ಮಾಡ್ಕೋರಿ. ಗುಡ್ ಮಾರ್ನಿಂಗ್ ಫೋಟೋ ಹಾಕೋರನ್ನ ಮಾತ್ರ ತಗದ ಹಾಕ್ರಿ.