ಬೆರಳು ಕಚ್ಚಿಕೊಂಡ ಕರ್ನಲ್‌ನ ಜಾಡು ಹಿಡಿದು ಶ್ರೀರಂಗಪಟ್ಟಣದಲ್ಲಿ ಒಂದು ದಿನ

ಮಂಡ್ಯದವರಾದ ನಮಗೆ ಶ್ರೀರಂಗಪಟ್ಟಣ ಎಂದರೆ ಮೈಸೂರಿನ ರೈಲಿನ ಕಿಟಕಿಯಲ್ಲಿ ಹಾದುಹೋಗುವ ಊರು. ಕಾವೇರಿ ಬಂದಾಗ ಅಮ್ಮ ಕೈಮುಗಿದು ನಾಣ್ಯ ಎಸೆಯುತ್ತಾರೆ, ಅಷ್ಟೇ. ಎರಡು ವರ್ಷದ ಹಿಂದೆ ಬಾಡಿಗೆ ಕಾರಿನಲ್ಲಿ ಒಂದೇ ದಿನ ಒಂಬತ್ತು ಜಾಗ ಸುತ್ತಿ ಬಂದಿದ್ದೆವು. ಏನು ನೋಡಿದೆ ಎಂದು ಮರುದಿನ ಮಗನನ್ನು ಕೇಳಿದರೆ "ಐಸ್‌ಕ್ಯಾಂಡಿ" ಎಂದಿದ್ದ. ಕಳೆದ ಫೆಬ್ರವರಿಯಲ್ಲಿ ಮತ್ತೆ ಹೊರಟಾಗ ಪಟ್ಟಿಯನ್ನು ಪಕ್ಕಕ್ಕಿಟ್ಟು, ಒಂದು ಕತೆಯ ಜಾಡು ಹಿಡಿದೆ.

ಅಮ್ಮನಿಗೆ 72, ಮಂಡಿ ನೋವು. ಮಗಳಿಗೆ 13, ಮಗನಿಗೆ 9. ಬೆಳಗಿನ ರೈಲು ಹಿಡಿದದ್ದಕ್ಕೆ ಕಾರಣ ಹಣವಲ್ಲ. ನಿಲ್ದಾಣದಿಂದ ರಂಗನಾಥಸ್ವಾಮಿ ದೇವಸ್ಥಾನಕ್ಕೆ ನಡೆದೇ ಹೋಗಬಹುದು. ಜೋಡಿ ಹಳಿ ಹಾಕುವುದಕ್ಕೆ ಅಡ್ಡವಾಗಿದ್ದ ಟಿಪ್ಪು ಕಾಲದ ಶಸ್ತ್ರಾಗಾರವೊಂದನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದ್ದರು. ಅದನ್ನು ಹೇಳಿದ್ದೇ ತಡ, ಕಟ್ಟಡ ಹೇಗೆ ನಡೆಯುತ್ತದೆ ಎಂದು ಮಗ ದೇವಸ್ಥಾನದ ಬಾಗಿಲಿನವರೆಗೂ ಪ್ರಾಣ ತಿಂದ.

ಆದಿರಂಗನ ದರ್ಶನ ಮೊದಲು ಮುಗಿಸಿದ್ದು ಒಳ್ಳೆಯದಾಯಿತು. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಶನಿವಾರದ ಸಾಲು ಹತ್ತು ಗಂಟೆಯ ಮೇಲೆ ಬೆಳೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ರಂಗನಾಥನನ್ನು ನೋಡದೆ ಅಮ್ಮ ಕೋಟೆಯ ಒಂದು ಕಲ್ಲನ್ನೂ ನೋಡುವವರಲ್ಲ.

ಅಲ್ಲಿಂದ ಕರ್ನಲ್ ಬೇಯ್ಲಿ ಸೆರೆಮನೆ. ಸಾಮಾನ್ಯವಾಗಿ ಎಲ್ಲರೂ ಇದನ್ನು ಐದು ನಿಮಿಷದಲ್ಲಿ ಮುಗಿಸುತ್ತಾರೆ. ನಾವು ಮುಕ್ಕಾಲು ಗಂಟೆ ಇದ್ದೆವು. ನೆಲಮಟ್ಟಕ್ಕಿಂತ ಕೆಳಗಿರುವ ಕಮಾನುಗಳ ಆ ಕೋಣೆ ತಂಪಾಗಿತ್ತು. ಗೋಡೆಯಲ್ಲಿ ಸರಪಳಿ ಕಟ್ಟಲು ತೂತು ಕೊರೆದ ಕಲ್ಲುಗಳಿವೆ. ಮೇಲಿನಿಂದ ಸೂರು ಸೀಳಿಕೊಂಡು ಬಿದ್ದ ಫಿರಂಗಿ ಈಗಲೂ ನೆಲದ ಮೇಲಿದೆ. ಮಗ ಎರಡೂ ಕೈಯನ್ನು ಕಲ್ಲುಗಳಿಗೆ ಒತ್ತಿ ನಿಂತು ಕೈದಿಯಾದ. ಆಗ ಕತೆ ಶುರು ಮಾಡಿದೆ. 1780ರ ಸೆಪ್ಟೆಂಬರಿನಲ್ಲಿ ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಇಂಗ್ಲಿಷ್ ಸೇನಾಧಿಕಾರಿ ಬೇಯ್ಲಿಯ ಪಡೆಯನ್ನು ಮುಗಿಸಿದರು. ಸೆರೆಸಿಕ್ಕ ಬೇಯ್ಲಿ ಈ ಊರಿನಲ್ಲೇ 1782ರಲ್ಲಿ ಸತ್ತ. ಅದೇ ಯುದ್ಧದಲ್ಲಿ ಸಿಕ್ಕಿಬಿದ್ದ ಡೇವಿಡ್ ಬೇರ್ಡ್ ಎಂಬ ಅಧಿಕಾರಿ ಮೂರು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಸೆರೆಯಲ್ಲಿದ್ದು ಬಿಡುಗಡೆಯಾದ. "ಅವನನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾನೆ" ಎಂದೆ.

ಕೋಟೆಗೋಡೆಯ ಬಳಿ ನಿಂತು ಹೊಳೆ ತೋರಿಸಿದೆ. ಫೆಬ್ರವರಿಯಲ್ಲೇ ಅಲ್ಲಲ್ಲಿ ಬಂಡೆ ಎದ್ದಿದ್ದವು. ಮೇ ತಿಂಗಳಲ್ಲಿ ಇನ್ನೆಷ್ಟು ಇಳಿದಿರಬೇಡ! ಮುಂಗಾರು ಹಿಡಿದು ಕಾವೇರಿ ತುಂಬಿದರೆ ದ್ವೀಪಕ್ಕೆ ಯಾರೂ ಕಾಲಿಡುವಂತಿಲ್ಲ. ಅದಕ್ಕೇ ಇಂಗ್ಲಿಷರು ಮಳೆಗೆ ಮುಂಚೆಯೇ, 1799ರ ಮೇ 4ರ ಮಧ್ಯಾಹ್ನ, ಫಿರಂಗಿಯಿಂದ ಒಡೆದ ಗೋಡೆಯ ಕಡೆಗೆ ನೀರಿಗಿಳಿದು ನುಗ್ಗಿದರು. ಮುಂದೆ ನಿಂತವನು ಬೇರ್ಡ್. "ಜೈಲಿನ ದಾರಿ ಅವನಿಗೆ ಗೊತ್ತಿತ್ತಲ್ಲ" ಎಂದಳು ಮಗಳು. ಟಿಪ್ಪುವಿನ ದೇಹ ಸಿಕ್ಕ ಜಾಗದ ಕಲ್ಲಿನ ಮುಂದೆ ಇಬ್ಬರೂ ಮಾತಿಲ್ಲದೆ ನಿಂತಿದ್ದರು. ಹಿಂದಿನ ಸಲ ಇದೇ ಕಲ್ಲಿನ ಬಳಿ ಕಾರಿನಿಂದ ಇಳಿಯುವುದೇ ಇಲ್ಲ ಎಂದಿದ್ದರು.

ಬಿಸಿಲೇರಿದ ಮೇಲೆ ಆಟೋ. ಸಂಜೆಯವರೆಗಿನ ಎಲ್ಲ ಜಾಗಕ್ಕೂ ಸೇರಿಸಿ ಹೊರಡುವ ಮುಂಚೆಯೇ ಬಾಡಿಗೆ ಮಾತಾಡಿಕೊಂಡೆ. ಹಿಂದೊಮ್ಮೆ ಪ್ರತಿ ಜಾಗಕ್ಕೂ ಬೇರೆ ಬೇರೆ ಚೌಕಾಸಿ ಮಾಡಿ ಕೈಸುಟ್ಟುಕೊಂಡಿದ್ದೇನೆ. ರಸ್ತೆಬದಿಯ ಮರದ ನೆರಳಿನಲ್ಲಿ ಪುಳಿಯೋಗರೆ, ಮೊಸರನ್ನ ಮುಗಿಸಿ ದರಿಯಾ ದೌಲತ್ ಹೊಕ್ಕೆವು. ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ ಇದು. ಚಿತ್ರಗಳಿಗೆ ಬೆಳಕು ತಾಗದಂತೆ ಸುತ್ತಲೂ ಪರದೆ ಇಳಿಬಿಟ್ಟಿರುವುದರಿಂದ ನಡುಮಧ್ಯಾಹ್ನಕ್ಕೆ ಇದಕ್ಕಿಂತ ಹಿತವಾದ ಜಾಗ ಊರಿನಲ್ಲಿಲ್ಲ.

ಪಡುವಣ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧ ಇದೆ. ಏನೂ ಹೇಳದೆ ಮಕ್ಕಳನ್ನು ಅದರ ಮುಂದೆ ಬಿಟ್ಟೆ. ಕುದುರೆ, ಕತ್ತಿ, ಉರುಳಿದ ತಲೆ, ಸಿಡಿಯುವ ಮದ್ದಿನ ಬಂಡಿ. ನಡುವೆ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಂಡ ಒಬ್ಬ ಇಂಗ್ಲಿಷಿನವನು. "ಅಪ್ಪ, ಜೈಲಿನವನು!" ಎಂದು ಮಗ ಕೂಗಿದ್ದಕ್ಕೆ ಕಾವಲುಗಾರ ತಿರುಗಿ ನೋಡಿದ. ಬೇಯ್ಲಿ ಸಿಕ್ಕಿದ್ದ. ಮೊದಲು ಚಿತ್ರ, ಆಮೇಲೆ ಸೆರೆಮನೆ ನೋಡಿದ್ದರೆ ಆ ಕೂಗು ಬರುತ್ತಿರಲಿಲ್ಲ.

ಗುಂಬಜಿನಲ್ಲಿ ಎಡವಿದೆ. ಮೂರು ಗಂಟೆಗೆ ಹೋಗಿ ಚಪ್ಪಲಿ ಬಿಟ್ಟರೆ ಕಾದ ಕಲ್ಲು. ಅಮ್ಮನ ಅಂಗಾಲು ಸುಟ್ಟಿತು. ಕಾಲುಚೀಲ ತರಲು ಮರೆತಿದ್ದೆ. ಹೊಳೆಯುವ ಕರಿಕಲ್ಲಿನ ಕಂಬಗಳ ನೆರಳಿನಲ್ಲಿ ಅವರನ್ನು ಕೂರಿಸಿ, ಹೈದರ್, ಫಾತಿಮಾ ಬೇಗಂ, ಟಿಪ್ಪು ಮೂವರ ಸಮಾಧಿಯನ್ನೂ ನಾವು ಬೇಗ ನೋಡಿ ಬಂದೆವು. ಇದನ್ನು ನಾಲ್ಕೂವರೆಗೆ ತಳ್ಳಬೇಕಿತ್ತು.

ಗಂಜಾಮಿನ ನಿಮಿಷಾಂಬ ಅಮ್ಮನ ಪಾಲು. ನಿಮಿಷದಲ್ಲಿ ಹರಕೆ ಈಡೇರಿಸುವ ದೇವಿಯ ಮುಂದೆ ಅವರು ನಿಂತದ್ದು ಇಪ್ಪತ್ತು ನಿಮಿಷ. ರಂಗನತಿಟ್ಟಿನ ಹಕ್ಕಿಗಳನ್ನು ಬೇಕೆಂದೇ ಬಿಟ್ಟೆ, ಅದಕ್ಕೆ ಒಂದು ಮುಂಜಾನೆಯೇ ಬೇಕು.

ಸಂಗಮದಲ್ಲಿ ಸೀಳಿಹೋದ ಎರಡು ಕಾವೇರಿಗಳು ಮತ್ತೆ ಕೂಡುವುದನ್ನು ನೋಡುತ್ತ, ಸುಟ್ಟ ಅಂಗಾಲನ್ನು ಅಮ್ಮ ನೀರಿಗಿಟ್ಟರು. ಮಗ ಪಕ್ಕದಲ್ಲಿ ಕೂತು, ಸೌತೆಕಾಯಿಯ ಖಾರ ಹತ್ತಿದ ಬೆರಳನ್ನು ಬಾಯಿಗಿಟ್ಟುಕೊಂಡು, ಬೇಯ್ಲಿಯ ಹಾಗೆ ಕಣ್ಣರಳಿಸಿದ.